ರೇಡಿಯೋಹೆಡ್ ಬದಲಾಗಿದ್ದು ಗಿಟಾರ್ ಕೆಳಗಿಟ್ಟಾಗಲಾ, ತಾಳ ಹಿಡಿದಾಗಲಾ?

ಕಬ್ಬನ್‌ಪೇಟೆ_ಕ್ಯಾಸೆಟ್

ಮೊನ್ನೆ ಆಫೀಸ್ ಕ್ಯಾಬ್‌ನಲ್ಲಿ ಪಕ್ಕ ಕೂತಿದ್ದ ಹೊಸ ಹುಡುಗ ನನ್ನ ಫೋನ್ ಇಣುಕಿ ನೋಡಿ, "ಓ, ರೇಡಿಯೋಹೆಡ್ಡಾ ಸರ್? ಕ್ರೀಪ್ ಹಾಡಿದ್ದು ಇವ್ರೇ ಅಲ್ವಾ?" ಅಂದ. ಕ್ರೀಪ್ ಈ ಇಂಗ್ಲೆಂಡಿನ ರಾಕ್ ಬ್ಯಾಂಡಿನ ಹಳೇ ಹಾಡು, ಆಮೇಲೆ ಅವರ ಸಂಗೀತವೇ ಬದಲಾಯ್ತು. ಹೌದು ಅಂದರೆ ಅರ್ಧ ಸುಳ್ಳು, ಅಲ್ಲ ಅಂದರೆ ಪೂರ್ತಿ ಸುಳ್ಳು. ಮಾರತ್‌ಹಳ್ಳಿ ಸೇತುವೆ ದಾಟೋವರೆಗೂ ವಿವರಿಸ್ತಾನೇ ಇದ್ದೆ. ಪಾಪ, ಆಮೇಲೆ ಅವನು ಇಯರ್‌ಫೋನ್ ಸಿಕ್ಕಿಸಿಕೊಂಡುಬಿಟ್ಟ. ಮಿಕ್ಕಿದ್ದನ್ನ ಇಲ್ಲಿ ಕಕ್ತಾ ಇದ್ದೀನಿ, ಸಹಿಸಿಕೊಳ್ಳಿ.

2000ನೇ ಇಸವಿ. ನಾನಾಗ ಎಂಜಿನಿಯರಿಂಗ್ ಮೂರನೇ ವರ್ಷ. ಅವರ 'ದಿ ಬೆಂಡ್ಸ್' ಆಲ್ಬಮ್ಮಿನ ಕ್ಯಾಸೆಟ್ ತೇಯ್ದು ತೇಯ್ದು ಬಿ ಸೈಡ್‌ನಲ್ಲಿ ಏ ಸೈಡ್ ಹಾಡು ಉಲ್ಟಾ ಕೇಳಿಸೋ ಹಂತಕ್ಕೆ ಬಂದಿತ್ತು. ಹೊಸ ಆಲ್ಬಮ್ 'ಕಿಡ್ ಎ' ಬಂದಿದೆ ಅಂತ ಗೊತ್ತಾಗಿ ಗಾಂಧಿನಗರದ ಕಡೆ ಒಂದು ಅಂಗಡಿಯಿಂದ ನಕಲಿ ಸಿಡಿ ತಂದೆ. ಎರಡನೇ ಹಾಡು, ಆಲ್ಬಮ್ಮಿನ ಹೆಸರೇ ಇರೋದು, ಶುರುವಾಯ್ತು. ಯಾರೋ ನೀರೊಳಗೆ ಬಾಯಿ ಮುಳುಗಿಸಿ ಹಾಡಿದ ಹಾಗಿತ್ತು. ಸಿಡಿ ಹಾಳಾಗಿದೆ ಅಂತ ಬನಿಯನ್ನಿಗೆ ಒರೆಸಿದೆ. ಊದಿದೆ. ಮಾರನೇ ದಿನ ವಾಪಸ್ ಹೋಗಿ ಜಗಳ ಆಡಿ ಬೇರೆ ಸಿಡಿ ತಂದೆ. ಅದೂ ಹಾಗೇ! ಆ ಧ್ವನಿಯನ್ನ ಓಂಡ್ ಮಾರ್ಟೆನೊ ಅನ್ನೋ ಹಳೇ ಫ್ರೆಂಚ್ ಎಲೆಕ್ಟ್ರಾನಿಕ್ ವಾದ್ಯದ ಜೊತೆ ಬೆಸೆದು ಬೇಕಂತಲೇ ಹಾಗೆ ಮಾಡಿದ್ದು ಅಂತ ತಿಳಿಯೋಕೆ ವರ್ಷಗಳೇ ಹಿಡೀತು. ಅಂಗಡಿಯವನಿಗೆ ಈಗಲೂ ಕ್ಷಮೆ ಕೇಳಬೇಕು.

ಈಗ ವಿಷಯಕ್ಕೆ. ಎಲ್ಲರೂ ಹೇಳೋ ಕಥೆ ಒಂದೇ: 'ಪಾಬ್ಲೋ ಹನಿ' (1993), 'ದಿ ಬೆಂಡ್ಸ್' (1995), 'ಓಕೆ ಕಂಪ್ಯೂಟರ್' (1997), ಈ ಮೂರೂ ಗಿಟಾರ್ ಆಲ್ಬಮ್. 2000ದಲ್ಲಿ ಗಿಟಾರ್ ಬಿಸಾಕಿ ಕಂಪ್ಯೂಟರ್ ಹಿಡಿದರು, ಅಲ್ಲಿಂದ ಬೇರೆಯೇ ಬ್ಯಾಂಡ್. ಇಪ್ಪತ್ತೈದು ವರ್ಷ ಕೇಳಿದಮೇಲೆ ನಾನು ಇದನ್ನ ಒಪ್ಪಲ್ಲ. 'ಓಕೆ ಕಂಪ್ಯೂಟರ್'ನ ಮೊದಲ ಹಾಡು 'ಏರ್‌ಬ್ಯಾಗ್' ತಗೊಳ್ಳಿ. ಫಿಲ್ ಸೆಲ್ವೇ ಬಾರಿಸಿದ ಡ್ರಮ್ಮಿನ ಕೆಲವೇ ಸೆಕೆಂಡನ್ನ ಕತ್ತರಿಸಿ, ಡಿಜೆ ಶ್ಯಾಡೋ ಅನ್ನೋ ಸಂಗೀತಗಾರ ಮಾಡೋ ಥರ ಹೊಲಿದು ಹಾಡು ಕಟ್ಟಿದಾರೆ. ಬೇಸ್ ಗಿಟಾರ್ ಬರುತ್ತೆ, ಮಾಯವಾಗುತ್ತೆ, ಮತ್ತೆ ಬರುತ್ತೆ. ಕೈಯಲ್ಲಿ ಗಿಟಾರ್ ಇನ್ನೂ ಇದೆ, ಆದರೆ ಹಾಡನ್ನ ಹೊತ್ತಿರೋದು ಅದಲ್ಲ.

ನನ್ನ ವಾದ ಇಷ್ಟೇ. ಮೊದಲೆರಡು ಆಲ್ಬಮ್ಮಿನಲ್ಲಿ ಡ್ರಮ್ಮು ಗಿಟಾರಿನ ಹಿಂದೆ ನಡೆಯುತ್ತೆ. ಆಮೇಲೆ ಮಿಕ್ಕಿದ್ದೆಲ್ಲ ತಾಳದ ಹಿಂದೆ ನಡೆಯುತ್ತೆ. ಬದಲಾಗಿದ್ದು ವಾದ್ಯ ಅಲ್ಲ, ಯಜಮಾನಿಕೆ. ಏನಂತೀರಿ?

ಹುಬ್ಬಳ್ಳಿ_ಹುಂಬ

ಸಾಹೇಬ್ರ, ನೀವು ಏನರ ಹೇಳ್ರಿ, 'ಓಕೆ ಕಂಪ್ಯೂಟರ್' ಆದ ಮ್ಯಾಲೆ ಆ ಮಂದಿ ಒಂದೂ ಹಾಡು ಮಾಡಿಲ್ಲ. ಹಾಡು ಅಂದ್ನಿ ನೋಡ್ರಿ, ಸಪ್ಪಳ ಅಲ್ಲ.

'ಫೇಕ್ ಪ್ಲಾಸ್ಟಿಕ್ ಟ್ರೀಸ್' ತಗೋರಿ, 'ಸ್ಟ್ರೀಟ್ ಸ್ಪಿರಿಟ್' ತಗೋರಿ. ಇಂಗ್ಲಿಷ್ ಬರಲಾರದವರೂ ಗುನುಗ್ತಾರ. ನಮ್ಮ ಹಾಸ್ಟೆಲ್‌ನ್ಯಾಗ ಅಡಗಿ ಮಾಡೋ ಕಾಕಾ ಗುನುಗ್ತಿದ್ದ, ಖರೇ ಹೇಳ್ತೀನಿ. 'ಕಿಡ್ ಎ' ಯಾರರ ಗುನುಗೂದು ನೋಡೀರೇನು? ನಾ ಅಂತೂ ನೋಡಿಲ್ಲ. ಮೂರು ಗಿಟಾರ್ ಇಟ್ಕೊಂಡು ಮೂರೂ ಬ್ಯಾರೆ ಬ್ಯಾರೆ ಮಾತಾಡೂ ಹಂಗ ಬಾರಿಸೂದು ಎಷ್ಟು ಮಂದಿಗೆ ಬರತೈತ್ರಿ? ಆ ವಿದ್ಯಾ ಇದ್ದವರು ಅದನ್ನ ಮೂಲ್ಯಾಗ ಇಟ್ಟು ಮಷೀನ್ ಮುಂದ ಕುಂತ್ರು. ಬಂಗಾರದಂಥಾ ಎತ್ತು ಇದ್ದಾಗ ಬಾಡಗಿ ಟ್ರ್ಯಾಕ್ಟರ್ ತಂದಂಗ.

ಮತ್ತ ನೀವು 'ಕ್ರೀಪ್' ಬಗ್ಗೆ ನಾಚಿಕಿ ಪಡೂದು ಯಾಕ? ಛಲೋ ಹಾಡೈತಿ.

ಕಬ್ಬನ್‌ಪೇಟೆ_ಕ್ಯಾಸೆಟ್

ಹುಂಬ ಅವರೇ, ನಾಚಿಕೆ ನಂದಲ್ಲ, ಅವರದೇ. 'ಮೈ ಐರನ್ ಲಂಗ್' (ಅಂದರೆ ಉಸಿರಾಡಿಸೋ ಯಂತ್ರ) ಅನ್ನೋ ಹಾಡು ಬರೆದಿದ್ದೇ 'ಕ್ರೀಪ್' ಮೇಲಿನ ಸಿಟ್ಟಿಗೆ: ಬದುಕಿಸಿದ್ದೂ ಅದೇ, ಉಸಿರು ಕಟ್ಟಿಸಿದ್ದೂ ಅದೇ ಅನ್ನೋ ಸಂಕಟ. 'ಕ್ರೀಪ್' ಪಲ್ಲವಿಗೆ ಮುಂಚೆ ಗಿಟಾರ್ ವಾದಕ ಜಾನಿ ಗ್ರೀನ್‌ವುಡ್ ಗಿಟಾರ್ ತಂತಿಗಳನ್ನ ಖಟ್ ಖಟ್ ಅಂತ ಹೊಡೀತಾನಲ್ಲ, ಅದು ಹಾಡು ತೀರಾ ಮೆತ್ತಗಾಯ್ತು ಅಂತ ಕೆಡಿಸೋಕೆ ಮಾಡಿದ್ದು. ಕೆಡಿಸೋಕೆ ಹೋಗಿದ್ದೇ ಜನಕ್ಕೆ ಹಿಡಿಸ್ತು. ನನ್ನ ಕೇಳಿದರೆ ಅವರ ಮುಂದಿನ ಮೂವತ್ತು ವರ್ಷ ಆ ಖಟ್‌ನಲ್ಲೇ ಇದೆ.

ಮಿಶ್ರಛಾಪು

ನಮಸ್ಕಾರ. ಇಲ್ಲಿ ಬರೀ ಓದ್ಕೊಂಡು ಹೋಗೋಳು, ಇವತ್ತು ಸುಮ್ಮನಿರೋಕೆ ಆಗಲಿಲ್ಲ. ಮೈಸೂರಲ್ಲಿ ಹನ್ನೊಂದು ವರ್ಷದಿಂದ ಮೃದಂಗ ಕಲೀತಿದೀನಿ. ನನ್ನ ಅಣ್ಣನಿಂದ ರೇಡಿಯೋಹೆಡ್ ಹುಚ್ಚು ಹಿಡೀತು.

ಕ್ಯಾಸೆಟ್ ಸರ್ ಹೇಳಿದ್ದಕ್ಕೆ ಲೆಕ್ಕ ಕೊಡ್ತೀನಿ. 2001ರ 'ಆಮ್ನೀಸಿಯಾಕ್'ನಲ್ಲಿ 'ಪಿರಮಿಡ್ ಸಾಂಗ್' ಇದೆಯಲ್ಲ, ಅದರ ತಾಳ ಯಾವುದು ಅಂತ ಪಾಶ್ಚಾತ್ಯ ಸಂಗೀತದವರು ಇಪ್ಪತ್ತು ವರ್ಷದಿಂದ ಕಿತ್ತಾಡ್ತಾನೇ ಇದಾರೆ. ಬರೀ ಪಿಯಾನೋ, ಎಲ್ಲಿ ಸಮ (ತಾಳದ ಸುತ್ತು, ಅಂದರೆ ಆವರ್ತ, ಶುರುವಾಗೋ ಏಟು) ಅಂತಾನೇ ಗೊತ್ತಾಗಲ್ಲ. ಸುಮಾರು ಎರಡು ನಿಮಿಷ ಆದಮೇಲೆ ಡ್ರಮ್ ಬಂದಾಗಲೇ ನೆಲ ಕಾಲಿಗೆ ಸಿಗೋದು. ಆದರೆ ಪಿಯಾನೋ ಹೊಡೆತಗಳನ್ನೇ ಸೊಲ್ಲಲ್ಲಿ (ಮೃದಂಗದವರು ಬಾಯಲ್ಲಿ ಹೇಳೋ ಅಕ್ಷರದಲ್ಲಿ) ಹೇಳಿ ನೋಡಿ:

ತಕಿಟ – ತಕಿಟ – ತಕದಿಮಿ – ತಕಿಟ – ತಕಿಟ

ಮೂರು, ಮೂರು, ನಾಲ್ಕು, ಮೂರು, ಮೂರು. ಒಟ್ಟು 16. ಹಿಂದಿನಿಂದ ಹೇಳಿದರೂ ಅದೇ. ತಿಶ್ರ (ಮೂರು), ಚತುರಶ್ರ (ನಾಲ್ಕು) ಅಷ್ಟೇ, ಇನ್ನೇನೂ ಮಾಯಮಂತ್ರ ಇಲ್ಲ. ನಮ್ಮ ಮೇಷ್ಟ್ರಿಗೆ ಕೇಳಿಸಿದೆ. ಕಣ್ಣು ಮುಚ್ಚಿ ತೊಡೆ ಮೇಲೆ ಎರಡು ಆವರ್ತ ಹಾಕಿ, "ಸರಿಯಾಗಿದೆ, ಆದರೆ ಹುಡುಗನಿಗೆ ಯಾಕಿಷ್ಟು ದುಃಖ?" ಅಂದರು.

'ಕಿಡ್ ಎ' ಶುರುವಾಗೋ 'ಎವೆರಿಥಿಂಗ್ ಇನ್ ಇಟ್ಸ್ ರೈಟ್ ಪ್ಲೇಸ್' ಆವರ್ತಕ್ಕೆ 10 ಏಟು. ನಮ್ಮ ಮಿಶ್ರ ಜಾತಿ ಝಂಪೆ ತಾಳಕ್ಕೂ 10 ಅಕ್ಷರ (ಎಣಿಕೆ). '15 ಸ್ಟೆಪ್' ಹೆಸರಲ್ಲಿ ಹದಿನೈದು, ಎಣಿಸಿದರೆ ಐದು: ಖಂಡ. '2+2=5' ಶುರುವಾಗೋದು ಏಳರಲ್ಲಿ: ಮಿಶ್ರ. 'ಪ್ಯಾರನಾಯ್ಡ್ ಆಂಡ್ರಾಯ್ಡ್' ಮಧ್ಯದಲ್ಲೂ ಏಳು ಬಂದು ಹೋಗುತ್ತೆ. ಇವರು ಕರ್ನಾಟಕ ಸಂಗೀತ ಕಲಿತಿದಾರೆ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ವಾಟ್ಸಾಪಿಗೆ ಹಾಕಬೇಡಿ. ಅವರು ಬೇರೆ ದಾರಿಯಲ್ಲಿ ಬಂದು ನಮ್ಮ ಜಗಲಿ ಮೇಲೆ ಕೂತಿದಾರೆ ಅಷ್ಟೇ.

ಹುಂಬ ಸರ್, 'ಕಿಡ್ ಎ' ಗುನುಗೋಕೆ ಆಗದೇ ಇರಬಹುದು. ತೊಡೆ ತಟ್ಟೋಕಾಗುತ್ತೆ.

ಸೌಂಡ್‌ಚೆಕ್_ಸೀನ

ಮಿಶ್ರಛಾಪು ಮೇಡಂ, ಆ 'ಹುಡುಗನಿಗೆ ಯಾಕಿಷ್ಟು ದುಃಖ' ಅನ್ನೋದನ್ನ ಟೀಶರ್ಟ್ ಮೇಲೆ ಹಾಕಿಸ್ತೀನಿ, ಮೇಷ್ಟ್ರ ಅನುಮತಿ ಕೇಳಿ.

ಕ್ಯಾಸೆಟ್ ಗುರು, ವಾದ ಚೆನ್ನಾಗಿದೆ. ನಾನು ಲೈವ್ ಸೌಂಡ್ ಕೆಲಸ ಮಾಡೋನು, ಅದಕ್ಕೆ ಬೇರೆ ಕಡೆಯಿಂದ ಕೇಳಿಸುತ್ತೆ ನಂಗೆ. ಐದು ಜನರ ಬಗ್ಗೆ ಮಾತಾಡ್ತೀರ, ಆರನೆಯವನನ್ನ ಬಿಟ್ಟಿದೀರ: ನೈಜೆಲ್ ಗಾಡ್ರಿಚ್. 'ದಿ ಬೆಂಡ್ಸ್'ಗೆ ಪ್ರೊಡ್ಯೂಸರ್ ಜಾನ್ ಲೆಕಿ, ಗಾಡ್ರಿಚ್ ಮುಖ್ಯವಾಗಿ ಎಂಜಿನಿಯರ್. ಅಲ್ಲಿಂದ ಬಡ್ತಿ. 'ಓಕೆ ಕಂಪ್ಯೂಟರ್' ಬಹುಪಾಲು ಇಂಗ್ಲೆಂಡಿನ ಬಾತ್ ಅನ್ನೋ ಊರಿನ ಹತ್ತಿರದ ಸೇಂಟ್ ಕ್ಯಾಥರೀನ್ಸ್ ಕೋರ್ಟ್ ಅನ್ನೋ ಹಳೇ ಬಂಗಲೆಯಲ್ಲಿ ರೆಕಾರ್ಡ್ ಮಾಡಿದ್ದು, ಅದು ನಟಿ ಜೇನ್ ಸೀಮೋರ್ ಮನೆ. 'ಎಕ್ಸಿಟ್ ಮ್ಯೂಸಿಕ್'ನ ಧ್ವನಿ ಕಲ್ಲಿನ ಮೆಟ್ಟಿಲ ಗುಂಯ್‌ಗಾಟದಲ್ಲಿ ಹಿಡಿದಿದ್ದು, 'ಲೆಟ್ ಡೌನ್' ಅಲ್ಲಿನ ನೃತ್ಯದ ಹಾಲ್‌ನಲ್ಲಿ ರಾತ್ರಿ ಮೂರು ಗಂಟೆಗೆ. ಆ ಕೋಣೆಗಳೂ ವಾದ್ಯಗಳೇ. ಸ್ಟುಡಿಯೋ ಅಂದರೆ ಫೋಟೋ ತೆಗೆಯೋ ಜಾಗ ಅಲ್ಲ, ಅಡುಗೆಮನೆ ಅಂತ ಇವರಿಗೆ ಅಲ್ಲೇ ಅರ್ಥ ಆಗಿದ್ದು.

'ಕಿಡ್ ಎ' ಹೊತ್ತಿಗೆ ಅದು ವಿಪರೀತಕ್ಕೆ ಹೋಯ್ತು. ಹಾಡುಗಾರ ಥಾಮ್ ಯಾರ್ಕ್‌ಗೆ ಬರೆಯೋಕೇ ಆಗ್ತಿರಲಿಲ್ಲ. ಏಫೆಕ್ಸ್ ಟ್ವಿನ್, ಆಟೆಕರ್ ಥರದವರ ಎಲೆಕ್ಟ್ರಾನಿಕ್ ಸಂಗೀತ ಕೇಳ್ಕೊಂಡು ಕೂತಿದ್ದ. ಮಿಕ್ಕವರಿಗೆ ಕೈಗೆ ಕೆಲಸ ಇಲ್ಲ. ಮೂರು ಗಿಟಾರಿನ ಬ್ಯಾಂಡಲ್ಲಿ ಗಿಟಾರ್ ಬೇಡ ಅಂದರೆ ಎಡ್ ಓಬ್ರಯನ್ ಏನು ಮಾಡಬೇಕು? 'ಟ್ರೀಫಿಂಗರ್ಸ್' ಕೇಳಿ, ಸಿಂಥಸೈಜರ್ ಅಂದ್ಕೊಂಡಿರ್ತೀರ, ಅದು ಎಡ್ ಗಿಟಾರೇ, ಗುರುತು ಸಿಗದ ಹಾಗೆ ಎಳೆದಿದ್ದು. 'ದಿ ನ್ಯಾಷನಲ್ ಆಂಥೆಮ್' ಬೇಸ್ ಆಲ್ಬಮ್‌ನಲ್ಲಿ ಬಾರಿಸಿದ್ದು ಬೇಸ್ ವಾದಕ ಕಾಲಿನ್ ಅಲ್ಲ, ಥಾಮ್. ಅವನು ಹದಿನಾರರ ಹುಡುಗನಾಗಿದ್ದಾಗಲೇ ಹೊಳೆದಿದ್ದ ಸಾಲು ಅದು!

'ಇಡಿಯೋಟೆಕ್' ಇನ್ನೂ ಮಜಾ. ಜಾನಿ ಮಾಡಿಟ್ಟಿದ್ದ 50 ನಿಮಿಷದ ಸಿಂಥ್ ಗಲಾಟೆಯಲ್ಲಿ ಥಾಮ್‌ಗೆ ಒಂದು ಚೂರು ಮಾತ್ರ ಹಿಡಿಸ್ತು. ಆ ಚೂರಲ್ಲಿದ್ದ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಯೋ ಸ್ವರಗಳ ಗೊಂಚಲು) ಪಾಲ್ ಲಾನ್ಸ್ಕಿ ಅನ್ನೋ ಸಂಗೀತಗಾರ 1973ರಲ್ಲಿ ಐಬಿಎಂ ಕಂಪ್ಯೂಟರಿನಲ್ಲಿ ಮಾಡಿದ ಕೃತಿಯದ್ದು. ಅವರ ಒಪ್ಪಿಗೆ ತಗೊಂಡು, ಹೆಸರು ಹಾಕಿದರು.

ಇದರಲ್ಲಿ ತಾಳ ಯಜಮಾನ ಅನ್ನೋದಕ್ಕಿಂತ, ಮನೆಗೆ ಯಜಮಾನನೇ ಇಲ್ಲ ಅನ್ನಬಹುದು.

ಹುಬ್ಬಳ್ಳಿ_ಹುಂಬ

ಸೀನಣ್ಣ, ನೀವು ಹೇಳೂದು ಕೇಳಿದ್ರ ನನ್ನ ಮಾತೇ ಖರೇ ಆತು. ಗುರುತು ಸಿಗದಂಗ ಎಳದ ಗಿಟಾರ್, ವಾದ್ಯಕ್ಕ ಬೆಸದ ದನಿ, ಐಬಿಎಂ ಕಂಪ್ಯೂಟರ್. ಹಾಡು ಎಲ್ಲೈತ್ರಿ? ಪದಾರ್ಥ ಎಲ್ಲಾ ಹೇಳಿದ್ರಿ, ಊಟ ಬಡಸಲೇ ಇಲ್ಲ.

ಕುಡ್ಲದ_ಕಡಲು

ಇಷ್ಟು ಮಾತಾಡಿ 'ಇನ್ ರೇನ್‌ಬೋಸ್' ಮರೆತೇಬಿಟ್ರಲ್ಲ ಮಾರಾಯ್ರೆ! ಊಟ ಬಡಿಸಿದ್ದು ಅಲ್ಲಿ.

2007 ಅಕ್ಟೋಬರ್ 1ಕ್ಕೆ ಜಾನಿ ಬ್ಲಾಗಿನಲ್ಲಿ ಎರಡು ಸಾಲು ಬರೆದದ್ದು, ಹತ್ತು ದಿನದಲ್ಲಿ ಆಲ್ಬಮ್ ಬರ್ತದೆ ಅಂತ. 10ನೇ ತಾರೀಕು ವೆಬ್‌ಸೈಟಿನಲ್ಲಿ ಇಟ್ಟರು, ಬೆಲೆ ನೀವೇ ಹಾಕಿ ಅಂತ. ಇಎಂಐ ಕಂಪನಿ ಒಪ್ಪಂದ ಮುಗಿದಿತ್ತು, ಯಾರ ಹಂಗೂ ಇರಲಿಲ್ಲ. ನಾನಾಗ ಹಂಪನಕಟ್ಟೆಯ ಸೈಬರ್ ಕೆಫೆಯಲ್ಲಿ ಕೂತು ಸೊನ್ನೆ ಅಂತ ಹಾಕಿದವ. ಕ್ರೆಡಿಟ್ ಕಾರ್ಡ್ ಎಂತದು ಅಂತಲೇ ಗೊತ್ತಿರಲಿಲ್ಲ. ಗಂಟೆಗೆ ಇಷ್ಟು ಅಂತ ಕೆಫೆಯವರಿಗೆ ಕೊಟ್ಟದ್ದು ಮಾತ್ರ, ಬ್ಯಾಂಡಿಗೆ ಒಂದು ಪೈಸೆ ಹೋಗಲಿಲ್ಲ. ಕೆಲಸ ಸಿಕ್ಕಿದ ಮೇಲೆ ಅದೇ ಆಲ್ಬಮ್ಮಿನ ಸಿಡಿ ಎರಡು ತಗೊಂಡೆ, ಒಂದು ಇಟ್ಟುಕೊಳ್ಳಲಿಕ್ಕೆ, ಒಂದು ಪ್ರಾಯಶ್ಚಿತ್ತಕ್ಕೆ.

10 ಹಾಡು, 42 ನಿಮಿಷ. ಒಂದೂ ತೆಗೀಲಿಕ್ಕಿಲ್ಲ. 'ವಿಯರ್ಡ್ ಫಿಶಸ್' ಕೇಳಿ: ಗಿಟಾರುಗಳು ಒಂದರ ಮೇಲೊಂದು ಅಲೆಯ ಹಾಗೆ ಬರ್ತಾ ಉಂಟು, ಕೆಳಗೆ ಫಿಲ್ ಒಂದೇ ಸಮ ಬಾರಿಸ್ತಾ ಇದ್ದಾನೆ. ಪಣಂಬೂರಿನಲ್ಲಿ ಸಂಜೆ ಕೂತು ಕೇಳಿದ್ರೆ ಎದ್ದು ಬರ್ಲಿಕ್ಕೆ ಮನಸ್ಸಾಗುದಿಲ್ಲ. ಹುಂಬರಿಗೆ ಬೇಕಾದ ಗಿಟಾರೂ ಉಂಟು, ಕ್ಯಾಸೆಟಣ್ಣನ ತಾಳವೂ ಉಂಟು. 'ನ್ಯೂಡ್' ಹಾಡು 'ಓಕೆ ಕಂಪ್ಯೂಟರ್' ಕಾಲದಲ್ಲೇ ಇದ್ದದ್ದು, ಹತ್ತು ವರ್ಷ ಕೂಡಿಬರಲಿಲ್ಲ. ಹಲಸಿನ ಹಣ್ಣಿನ ಹಾಗೆ, ಅದಕ್ಕೆ ಬೇಕಾದಾಗಲೇ ಹಣ್ಣಾಗುವುದು.

ಹುಬ್ಬಳ್ಳಿ_ಹುಂಬ

'ಇನ್ ರೇನ್‌ಬೋಸ್' ಮಾತು ಬ್ಯಾರೆ. ಅದಕ್ಕ ನಾ ಏನೂ ಅನ್ನೂದಿಲ್ಲ.

ಸೌಂಡ್‌ಚೆಕ್_ಸೀನ

ಆಹಾ. ಮೇಲೆ 'ಒಂದೂ ಹಾಡು ಮಾಡಿಲ್ಲ' ಅಂದವರು ಯಾರಪ್ಪ?

ಹುಬ್ಬಳ್ಳಿ_ಹುಂಬ

ಒಂದು ಮಾಡ್ಯಾರ. ಹತ್ತು ಮಾಡ್ಯಾರ ಅಂತ ಬರ್ಕೋರಿ. ಅಷ್ಟ.

ರೀಲ್ಸಿಂದ_ಬಂದವಳು

ಹಾಯ್ ಎಲ್ರಿಗೂ. ನಂಗೆ 19. ದಾವಣಗೆರೆ. 'ಲೆಟ್ ಡೌನ್' ಅನ್ನೋ ಹಾಡು ರೀಲ್ಸಲ್ಲಿ ಎಲ್ಲಾ ಕಡೆ ಬರ್ತಿತ್ತಲ್ಲ, ಹಾಗೆ ಪೂರ್ತಿ ಕೇಳಿದೆ, ಆಮೇಲೆ ದಿನಾ ಬಸ್ಸಲ್ಲಿ ಅದೇ. ಇಷ್ಟೊಂದು ಆಲ್ಬಮ್ ಇದೆ ಅಂತ ಇವತ್ತೇ ಗೊತ್ತಾಗಿದ್ದು. ಮುಂದೆ ಯಾವುದು ಕೇಳ್ಲಿ? ತಾಳದ ಲೆಕ್ಕ ಎಲ್ಲ ನಂಗೆ ಬರಲ್ಲ, ಬೈಬೇಡಿ.

ಮಿಶ್ರಛಾಪು

ಬೈಯೋದಾ? ನೀನು ಹಿಡಿದಿರೋದೇ ಲೆಕ್ಕದ ಹಾಡು ಪುಟ್ಟಿ! 'ಲೆಟ್ ಡೌನ್'ನಲ್ಲಿ ಜಾನಿ ಗಿಟಾರು ಮಿಕ್ಕವರದ್ದಕ್ಕಿಂತ ಬೇರೆ ಲೆಕ್ಕದಲ್ಲಿ ಓಡುತ್ತೆ. ಹಾಗಾಗಿ ಅದು ಪ್ರತಿ ಸಲ ಬೇರೆ ಜಾಗಕ್ಕೆ ಬಂದು ಬೀಳುತ್ತೆ. ಆ ಹಾಡು ಕೇಳುವಾಗ ನೆಲಕ್ಕೆ ಕಾಲು ತಾಗದೆ ತೇಲಿದ ಹಾಗೆ ಆಗುತ್ತಲ್ಲ, ಅರ್ಧ ಕಾರಣ ಅದೇ. ನಿನ್ನ ಕಿವಿಗೆ ಗೊತ್ತು, ಬಾಯಿಗೆ ಹೆಸರು ಗೊತ್ತಿಲ್ಲ ಅಷ್ಟೇ.

ಮುಂದಕ್ಕೆ 'ಇನ್ ರೇನ್‌ಬೋಸ್' ಕೇಳು. ಇದನ್ನ ಯಾರೂ ವಿರೋಧಿಸಲ್ಲ ಅಂದ್ಕೊಂಡಿದೀನಿ.

ಹುಬ್ಬಳ್ಳಿ_ಹುಂಬ

ತಂಗಿ, 'ದಿ ಬೆಂಡ್ಸ್' ಕೇಳವ್ವ ಮೊದಲ. ಬುನಾದಿ ಇಲ್ಲದ ಮನಿ ಕಟ್ಟಬಾರದು.

ಸೌಂಡ್‌ಚೆಕ್_ಸೀನ

'ಓಕೆ ಕಂಪ್ಯೂಟರ್'ನಲ್ಲೇ ಇದೀಯಲ್ಲ, ಅದನ್ನೇ ಮೊದಲಿಂದ ಕೊನೆವರೆಗೆ ಕೇಳಮ್ಮ. ಶಫಲ್ ಹಾಕಬೇಡ. ಹೆಡ್‌ಫೋನ್ ಹಾಕ್ಕೋ.

ಕುಡ್ಲದ_ಕಡಲು

ಮೂರು ಜನ ಮೂರು ಹೇಳಿದ್ರು. ದಾರಿ ಕೇಳಿದವಳು ಬಸ್‌ಸ್ಟ್ಯಾಂಡಿನಲ್ಲೇ ಬಾಕಿ.

ನಿರ್ವಾಹಕ

ಬ್ಯಾಂಡಿನ 2017ರ ಟೆಲ್ ಅವೀವ್ (ಇಸ್ರೇಲ್) ಕಾರ್ಯಕ್ರಮದ ವಿವಾದದ ಬಗ್ಗೆ ಬಂದ ಕಾಮೆಂಟುಗಳನ್ನ ಬೇರೆ ಚರ್ಚೆಗೆ ಸರಿಸಿದ್ದೇನೆ. ಆ ವಿಷಯ ಮಾತಾಡಬಾರದು ಅಂತಲ್ಲ, ಎರಡನ್ನೂ ಒಂದೇ ಕಡೆ ಮಾತಾಡಿದರೆ ಎರಡೂ ಹಾಳಾಗುತ್ತೆ. ಇಲ್ಲಿ ಆಲ್ಬಮ್ ಮಾತ್ರ.

ಕಬ್ಬನ್‌ಪೇಟೆ_ಕ್ಯಾಸೆಟ್

ಧನ್ಯವಾದ ನಿರ್ವಾಹಕರೇ. ಮಧ್ಯದ ಎರಡನ್ನ ಎಲ್ಲರೂ ಹಾರಿಸಿಕೊಂಡು ಹೋಗ್ತಿದೀರ, ಬಿಡಲ್ಲ ನಾನು.

'ಹೇಲ್ ಟು ದ ಥೀಫ್' (2003). ಬಹುಪಾಲು ಲಾಸ್ ಏಂಜಲೀಸ್‌ನಲ್ಲಿ ಎರಡೇ ವಾರದಲ್ಲಿ ಹಿಡಿದಿದ್ದು. 14 ಹಾಡು. 'ದೇರ್ ದೇರ್' ಒಂದಕ್ಕೇ ಇಡೀ ಆಲ್ಬಮ್ ಮಾಫಿ: ಲೈವ್‌ನಲ್ಲಿ ಎಡ್ ಮತ್ತು ಜಾನಿ ಇಬ್ಬರೂ ನಿಂತು ಕೋಲು ಹಿಡಿದು ಡ್ರಮ್ ಬಾರಿಸ್ತಾರೆ. ಗಿಟಾರ್ ವಾದಕರು ಡ್ರಮ್ ಬಾರಿಸೋ ಬ್ಯಾಂಡಿನ ಬಗ್ಗೆ 'ತಾಳ ಯಜಮಾನ' ಅಂದರೆ ತಪ್ಪಾ? ಆದರೆ ಹಾಡು ಜಾಸ್ತಿ ಆಯ್ತು, ಒಪ್ಪುತೀನಿ. ಥಾಮ್ ಯಾರ್ಕ್ ತಾನೇ 2008ರಲ್ಲಿ ನಾಲ್ಕು ಹಾಡು ಕಿತ್ತು ಹಾಕಿ ಬೇರೆ ಅನುಕ್ರಮ ಕೊಟ್ಟಿದ್ದ. ಮದುವೆಮನೆ ಎಲೆಯಲ್ಲಿ ಪಲ್ಯ ಜಾಸ್ತಿಯಾಗಿ ಅನ್ನಕ್ಕೆ ಜಾಗ ಇಲ್ಲದ ಹಾಗೆ.

'ದಿ ಕಿಂಗ್ ಆಫ್ ಲಿಂಬ್ಸ್' (2011). 8 ಹಾಡು, 37 ನಿಮಿಷ. ಜನ ಇದರ ಎರಡನೇ ಭಾಗ ಬರುತ್ತೆ ಅಂತ ಕಾದು ಕಾದು ಸುಸ್ತಾದರು. ಬರಲಿಲ್ಲ. ಬಾರಿಸಿದ್ದನ್ನ ಚೂರು ಮಾಡಿ ಸುತ್ತಿಸೋಕೆ ಜಾನಿ ತಾನೇ ಒಂದು ತಂತ್ರಾಂಶ ಬರೆದ. ಪೂರ್ತಿ ಆಲ್ಬಮ್ ಗಾಣದ ಹಾಗೆ ಸುತ್ತುತ್ತೆ. ನಂಗೆ ಮೊದಲು ಹಿಡಿಸಲಿಲ್ಲ. ಆಮೇಲೆ ಅದನ್ನ ಲೈವ್ ಬಾರಿಸಿದ 'ಫ್ರಮ್ ದ ಬೇಸ್‌ಮೆಂಟ್' ನೋಡಿದೆ. ಯಂತ್ರ ಸುತ್ತಿಸಿದ್ದನ್ನ ಮನುಷ್ಯರು ಬಾರಿಸೋಕೆ ಒಬ್ಬ ಫಿಲ್ ಸಾಲದೆ ಪೋರ್ಟಿಸ್‌ಹೆಡ್ ಜೊತೆ ಬಾರಿಸೋ ಕ್ಲೈವ್ ಡೀಮರ್‌ನ ಕರೆಸಿದರು. ಎರಡು ಡ್ರಮ್ ಸೆಟ್ಟು, ಅಕ್ಕಪಕ್ಕ. ಆಲ್ಬಮ್ಮಿನ 'ಬ್ಲೂಮ್' ಹಾಡು ಉಸಿರಾಡೋಕೆ ಶುರು ಮಾಡಿದ್ದೇ ಆಗ.

ಸೌಂಡ್‌ಚೆಕ್_ಸೀನ

'ಕಿಂಗ್ ಆಫ್ ಲಿಂಬ್ಸ್' ಆಲ್ಬಮ್ ಅಲ್ಲ ಗುರು, ಆ ಲೈವ್‌ನ ರಿಹರ್ಸಲ್. ಇಷ್ಟು ವರ್ಷದಲ್ಲಿ ನಾನು ಅದನ್ನ ಪೂರ್ತಿ ಕೇಳಿದ್ದು ನಾಲ್ಕು ಸಲ, ಅದರಲ್ಲೂ ಒಂದು ಸಲ ನಿದ್ದೆ ಬಂದಿತ್ತು.

ಆದರೆ ನಿಮ್ಮ ವಾದಕ್ಕೆ ನಿಜವಾದ ಏಟು ಬೇರೆ ಕಡೆ ಇದೆ. 2016ರ 'ಎ ಮೂನ್ ಶೇಪ್ಡ್ ಪೂಲ್'. ಅಲ್ಲಿ ತಾಳ ಎಲ್ಲಿದೆ? ಇರೋದು ಲಂಡನ್ ಕಂಟೆಂಪರರಿ ಆರ್ಕೆಸ್ಟ್ರಾದ ತಂತಿವಾದ್ಯ, ಕೋರಸ್, ಪಿಯಾನೋ. 'ಡೇಡ್ರೀಮಿಂಗ್'ನಲ್ಲಿ ಡ್ರಮ್ಮೇ ಇಲ್ಲ. ಕೊನೇ ಹಾಡು 'ಟ್ರೂ ಲವ್ ವೇಟ್ಸ್'ನಲ್ಲೂ ಇಲ್ಲ. ಆ ಹಾಡನ್ನ 1995ರಲ್ಲೇ ಅಕೌಸ್ಟಿಕ್ ಗಿಟಾರ್ ಹಿಡಿದು ವೇದಿಕೆ ಮೇಲೆ ಹಾಡ್ತಿದ್ದರು, ಸ್ಟುಡಿಯೋದಲ್ಲಿ ಕೂಡಿಬರೋಕೆ 21 ವರ್ಷ. ಬಂದಾಗ ಗಿಟಾರೂ ಇಲ್ಲ, ಡ್ರಮ್ಮೂ ಇಲ್ಲ, ಬರೀ ಒಂದರ ಮೇಲೊಂದು ಹಾಸಿದ ಪಿಯಾನೋ. ಯಜಮಾನರು ಎಲ್ಲಿಗೆ ಹೋದರು ಸ್ವಾಮಿ?

ಕಬ್ಬನ್‌ಪೇಟೆ_ಕ್ಯಾಸೆಟ್

ಸೀನ, ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಊಟ ಆದಮೇಲೆ ಬಾಲ್ಕನಿಯಲ್ಲಿ ಮತ್ತೆ ಕೇಳಿದೆ. 'ಬರ್ನ್ ದ ವಿಚ್' ವಾದಕ್ಕೆ ಸಿಗುತ್ತೆ: ಪಿಟೀಲು ಚೆಲ್ಲೋಗಳನ್ನ ಕಮಾನು ಬಿಟ್ಟು ಗಿಟಾರಿನ ಪ್ಲೆಕ್ಟ್ರಮ್‌ನಿಂದ ಉಜ್ಜಿ ಉಜ್ಜಿ ಬಾರಿಸಿದಾರೆ, ತಂತಿವಾದ್ಯವೇ ತಾಳವಾದ್ಯ ಆಗಿದೆ. 'ಟ್ರೂ ಲವ್ ವೇಟ್ಸ್' ವಿಷಯದಲ್ಲಿ ಸೋತೆ.

ಮಿಶ್ರಛಾಪು

ಇಷ್ಟು ಬೇಗ ಸೋಲಬೇಡಿ ಸರ್. ನೀವು ಮೊದಲಿಂದ 'ತಾಳ' ಅಂತಿದೀರ, ಅಲ್ಲೇ ಎಡವಟ್ಟು. ತಾಳ ಬೇರೆ, ಲಯ ಬೇರೆ. ತಾಳ ಅಂದರೆ ಕೈಯಲ್ಲಿ ಹಾಕೋ ಲೆಕ್ಕ. ಲಯ ಅಂದರೆ ಆ ಲೆಕ್ಕದ ನಡುವೆ ಹರಿಯೋದು. ಆಲಾಪನೆಗೆ ತಾಳ ಇಲ್ಲ, ಆದರೆ ಲಯವೂ ಇಲ್ಲ ಅಂತ ಯಾರಾದ್ರೂ ಹೇಳ್ತಾರಾ?

'ಟ್ರೂ ಲವ್ ವೇಟ್ಸ್' ಇನ್ನೊಂದು ಸಲ ಕೇಳಿ. ಮೊದಲು ಒಂದು ಪಿಯಾನೋ. ಹೋಗ್ತಾ ಹೋಗ್ತಾ ಬೇರೆ ಪಿಯಾನೋಗಳು ಸೇರಿಕೊಳ್ತವೆ, ಒಂದಕ್ಕೊಂದು ಕೂಡಲ್ಲ, ಒಂದು ಸ್ವಲ್ಪ ಮುಂದೆ ಒಂದು ಸ್ವಲ್ಪ ಹಿಂದೆ. ಸೂರಿನಿಂದ ಮಳೆ ನೀರು ತೊಟ್ಟಿಕ್ಕೋ ಥರ. ಅದು ಸುಮ್ಮನೆ ಆಗಿದ್ದಲ್ಲ, ಡ್ರಮ್ ಇಟ್ಟಿದ್ದರೆ ಕೆಟ್ಟುಹೋಗ್ತಿತ್ತು. 1995ರ ರೂಪದಲ್ಲಿ ಗಿಟಾರ್ ಝಣ ಝಣ ಅಂತ ಸಮಕ್ಕೆ ಸಮ ಬೀಳುತ್ತೆ, ಅವನು ಬೇಡಿಕೊಳ್ತಿದಾನೆ ಅನ್ನಿಸುತ್ತೆ. 2016ರದ್ದರಲ್ಲಿ ಬೇಡಿಕೊಂಡಿದ್ದು ಆಗಿಹೋಗಿದೆ. ಮಾತು ಅದೇ, ಲಯ ಬೇರೆ, ಹಾಗಾಗಿ ಅರ್ಥವೇ ಬೇರೆ.

ಇನ್ನೊಂದು. 'ಇನ್ ರೇನ್‌ಬೋಸ್' ಕೊನೆಯ 'ವಿಡಿಯೋಟೇಪ್'. ಪಿಯಾನೋ ಸಮದ ಮೇಲೆ ಬೀಳ್ತಿದೆ ಅಂತ ನಮಗೆ ಕೇಳಿಸುತ್ತೆ. ನಿಜಕ್ಕೂ ಅದು ಅರ್ಧ ಮಾತ್ರೆ ಮುಂಚೆ ಎತ್ತಿಕೊಂಡಿರುತ್ತೆ, ನಾವು ಅತೀತ ಎತ್ತುಗಡೆ ಅಂತೀವಲ್ಲ ಹಾಗೆ. ಸಮವನ್ನ ತಾವು ಮಾತ್ರ ಒಳಗೆ ಎಣಿಸಿಕೊಂಡು, ಕೇಳೋರಿಗೆ ಕೊಡದೆ ಇಟ್ಟಿದಾರೆ. ಇದು ಕಚೇರಿಯಲ್ಲಿ ಕೂತು ತಾಳ ಹಾಕೋ ಮಾಮಂದಿರನ್ನ ತಪ್ಪಿಸೋಕೆ ನಮ್ಮ ಮೃದಂಗದವರು ಮಾಡೋ ಕಿತಾಪತಿಯೇ.

ಬರ್ಲಿನ್_ಬಿಸಿಬೇಳೆ

ತಡವಾಗಿ ಬಂದೆ, ಕ್ಷಮಿಸಿ. ಚರ್ಚೆಗೆ ಸಾಕ್ಷಿ ಹೇಳೋಕೆ ಬಂದಿದೀನಿ: 2025ರ ಡಿಸೆಂಬರ್‌ನಲ್ಲಿ ಇಲ್ಲಿ ಬರ್ಲಿನ್‌ನಲ್ಲಿ ರೇಡಿಯೋಹೆಡ್ ನೋಡಿದೆ. 2018ರ ನಂತರ ಅವರು ಒಟ್ಟಿಗೆ ಪ್ರವಾಸ ಹೊರಟಿದ್ದು ಅದೇ ಮೊದಲು, ಮ್ಯಾಡ್ರಿಡ್, ಬೊಲೋನ್ಯಾ, ಲಂಡನ್, ಕೋಪನ್‌ಹೇಗನ್, ಬರ್ಲಿನ್. ವೇದಿಕೆ ಸಭಾಂಗಣದ ನಟ್ಟನಡುವೆ, ಸುತ್ತ ಜನ. ನಮ್ಮೂರ ಬಯಲಾಟದಂತೆ.

ಹುಂಬ ಸರ್, ನಿಮಗೊಂದು ಮಾತು. ಅಲ್ಲಿ ಕುಣಿದಿದ್ದು ಯಾವುದಕ್ಕೆ ಗೊತ್ತಾ? 'ಇಡಿಯೋಟೆಕ್'ಗೆ. ನಲವತ್ತು ದಾಟಿದ ಜರ್ಮನ್ನರು, ಮಂಡಿ ನೋವಿನವರು, ಕೈ ಮೇಲೆತ್ತಿ ಕುಣೀತಿದ್ದರು. ಮೂರು ಗಿಟಾರಿನ ಹಾಡಿಗೆ ಕಣ್ಣೀರು ಹಾಕಿದರು, ಅದೂ ನಿಜ. ಎರಡೂ ಒಂದೇ ರಾತ್ರಿ, ಒಂದೇ ಐದು ಜನ. ಬೇರೆ ಬೇರೆ ಬ್ಯಾಂಡ್ ಅಂತ ಅಲ್ಲಿ ನಿಂತವರಿಗೆ ಅನ್ನಿಸಲೇ ಇಲ್ಲ. ಪಕ್ಕದಲ್ಲಿದ್ದ ಹೆಂಡತಿ ಮಾತ್ರ "ಇನ್ನೂ ಎಷ್ಟು ಹೊತ್ತು?" ಅಂತ ಎರಡು ಸಲ ಕೇಳಿದಳು.

ಕುಡ್ಲದ_ಕಡಲು

ಬಯಲಾಟ ಅಂದ ಮೇಲೆ ರಾತ್ರಿ ಪೂರ್ತಿ ಕೂರಬೇಕಿತ್ತು ಅವರು!

ಇನ್ನೊಂದು ಹೇಳ್ಲಿಕ್ಕೆ ಉಂಟು. ಜಾನಿ ನಮ್ಮ ದೇಶಕ್ಕೂ ಬಂದು ಹೋಗಿದ್ದಾನೆ. 2015ರಲ್ಲಿ ಜೋಧಪುರದ ಮೆಹ್ರಾನ್‌ಗಢ ಕೋಟೆಯಲ್ಲಿ ಶೈ ಬೆನ್ ಜುರ್ ಎಂಬ ಸಂಗೀತಗಾರ ಮತ್ತು ರಾಜಸ್ಥಾನದ ಕಲಾವಿದರ ಜೊತೆ 'ಜುನೂನ್' ಅಂತ ಒಂದು ಆಲ್ಬಮ್ ಮಾಡಿದ್ದು. ಗಾಡ್ರಿಚ್ಚೇ ಬಂದು ರೆಕಾರ್ಡ್ ಮಾಡಿದ. ಅದರಲ್ಲಿ ಜಾನಿ ಎಲ್ಲಿದ್ದಾನೆ ಅಂತ ಹುಡುಕಬೇಕು, ಅಷ್ಟು ಹಿಂದೆ ಕೂತಿದ್ದಾನೆ. ನಗಾರಿ, ಢೋಲಕ್, ಬ್ಯಾಂಡಿನ ಕಹಳೆ, ಖವ್ವಾಲಿ ಎಲ್ಲ ಮುಂದೆ. ಮರು ವರ್ಷವೇ 'ಎ ಮೂನ್ ಶೇಪ್ಡ್ ಪೂಲ್'. ಇವನು ಯಾರದ್ದೋ ತಾಳಕ್ಕೆ ಹಿಂದೆ ಕೂತು ಬಾರಿಸ್ಲಿಕ್ಕೆ ಅಭ್ಯಾಸ ಆದವ. ಕ್ಯಾಸೆಟಣ್ಣ, ಇದನ್ನು ನಿಮ್ಮ ಕಡೆಗೆ ಹಾಕಿಕೊಳ್ಳಿ.

ರೀಲ್ಸಿಂದ_ಬಂದವಳು

ಎಲ್ಲಾರೂ ಹೇಳಿದ್ದು ಬಿಟ್ಟು 'ಆಮ್ನೀಸಿಯಾಕ್' ಹಾಕಿದೆ, ಕವರ್ ಚೆನ್ನಾಗಿತ್ತು ಅಂತ. 'ಲೈಕ್ ಸ್ಪಿನ್ನಿಂಗ್ ಪ್ಲೇಟ್ಸ್' ಬಂದಾಗ ಫೋನ್ ಸ್ಪೀಕರ್ ಹೋಯ್ತು ಅಂದ್ಕೊಂಡೆ. ಅಪ್ಪಂಗೂ ತೋರಿಸಿದೆ. ಹಿಂದೆ ಮುಂದೆ ಓಡ್ತಿದೆಯಲ್ಲ ಅದು?

ಕಬ್ಬನ್‌ಪೇಟೆ_ಕ್ಯಾಸೆಟ್

ಅಯ್ಯೋ ಮಗಳೇ, ನನ್ನ ಸಿಡಿ ಜಗಳದ ವಂಶ ನಿನ್ನದು! ಸ್ಪೀಕರ್ ಸರಿಯಾಗೇ ಇದೆ. 'ಐ ವಿಲ್' ಅನ್ನೋ ಬೇರೆ ಹಾಡಿನ ರೆಕಾರ್ಡಿಂಗ್ ಅವರಿಗೇ ಹಿಡಿಸಲಿಲ್ಲ, ಉಲ್ಟಾ ಓಡಿಸಿ ನೋಡಿದರೆ ಚೆನ್ನಾಗಿತ್ತು. ಆ ಉಲ್ಟಾ ಧ್ವನಿಗೆ ಥಾಮ್ ರಾಗ ಕಟ್ಟಿ, ಉಲ್ಟಾ ಉಚ್ಚಾರಣೆ ಬಾಯಿಪಾಠ ಮಾಡಿ ಹಾಡಿ, ಅದನ್ನ ಮತ್ತೆ ಉಲ್ಟಾ ಮಾಡಿದ. ಮೂಲ ಹಾಡು ಎರಡು ವರ್ಷ ಆದಮೇಲೆ 'ಹೇಲ್ ಟು ದ ಥೀಫ್'ನಲ್ಲಿ ನೆಟ್ಟಗೆ ಬಂತು. ಅದೇ ವರ್ಷ ಬಂದ ಲೈವ್ ಆಲ್ಬಮ್ 'ಐ ಮೈಟ್ ಬಿ ರಾಂಗ್'ನಲ್ಲಿ 'ಸ್ಪಿನ್ನಿಂಗ್ ಪ್ಲೇಟ್ಸ್' ಬರೀ ಪಿಯಾನೋದಲ್ಲಿದೆ. ಕೇಳು.

ತಿದ್ದುಪಡಿ: 'ಅದೇ ವರ್ಷ' ಅಂದರೆ 2001, 'ಆಮ್ನೀಸಿಯಾಕ್' ಬಂದ ವರ್ಷ. ಗಡಿಬಿಡಿಯಲ್ಲಿ ಬರೆದೆ.

ಹುಬ್ಬಳ್ಳಿ_ಹುಂಬ

ಆ ಪಿಯಾನೋದ್ದು ನಾನೂ ಈಗ ಹಚ್ಚಿದ್ನಿ. ಇದು ಹಾಡೈತ್ರಿ. ಖರೇ ಹಾಡು. ಇದನ್ನ ಉಲ್ಟಾ ಮಾಡಿ ಯಾಕ ಬಚ್ಚಿಟ್ಟಿದ್ರು ಅಂತ ಸಿಟ್ಟು ಬಂತು.

ಮಿಶ್ರಛಾಪು ಅವ್ವಾರ, ನಿಮ್ಮ ತಕಿಟ ತಕಿಟ ತಕದಿಮಿಯೂ ಅಂಗಡ್ಯಾಗ ಕುಂತು ಕೌಂಟರ್ ಮ್ಯಾಲೆ ತಟ್ಟಿ ನೋಡಿದ್ನಿ. ಮೂರು ಸಲ ತಪ್ಪಿತು. ನಾಲ್ಕನೇ ಸಲ ಡ್ರಮ್ ಬರೂ ಹೊತ್ತಿಗೆ ಕೈ ಬರೋಬ್ಬರಿ ಕುಂತು ಮೈ ಝುಮ್ ಅಂತು. ಅಷ್ಟರಾಗ ಗಿರಾಕಿ ಬಂದು "ಯಾಕ್ರಿ ಸಾಹುಕಾರ್ರ, ಬಡೀತೀರಿ?" ಅಂದ್ರು. ಉಳದದ್ದು ರಾತ್ರಿ ಬರೀತೀನಿ.

ಸೌಂಡ್‌ಚೆಕ್_ಸೀನ

ಗಿರಾಕಿಗೂ ಹೇಳಿಕೊಡಿ. ತಕದಿಮಿ ಮಧ್ಯದಲ್ಲಿ ಬರುತ್ತೆ ಅಂತ ಮರೀಬೇಡಿ.